ಇಲ್ಲೇ ಐತಿ ನೋಡ್ರಿ ಅಂದ್ರ ಎಲ್ಲಿ?

ಕಣ್ಣು ಕಾಣದವರು ಒಬ್ಬರೇ ಊರಿಂದ ಊರಿಗೆ ಹೋಗಬೇಕಾದರೆ ಫೋನಿನಲ್ಲಿ ಯಾವ ಆಪ್ ಇರಬೇಕು? ಈ ಪ್ರಶ್ನೆಯನ್ನು ನಮಗೆ ಕೇಳಿದವರು ಒಬ್ಬ ತಬಲಾ ಮಾಸ್ತರರು. ದೇವದುರ್ಗ ತಾಲೂಕಿನ ಒಂದು ಹಳ್ಳಿಯವರು, ಹುಟ್ಟಿನಿಂದಲೇ ದೃಷ್ಟಿ ಇಲ್ಲ. ನಮಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನಮಗೆಲ್ಲ ಅವರು ‘ಅಣ್ಣ’. ಇಲ್ಲಿಯೂ ಅಣ್ಣ ಎಂದೇ ಬರೆಯುತ್ತೇವೆ.

ಅಣ್ಣನಿಗೆ ವಾರಕ್ಕೆ ಎರಡು ದಿನ ಪಾಠವಿದೆ. ಗುರುವಾರ ರಾಯಚೂರಿನಲ್ಲಿ, ಭಾನುವಾರ ಮಾನ್ವಿಯಲ್ಲಿ. ಎರಡೂ ದಿನ ಅವರ ಅವ್ವ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಪಾಠ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತು, ಮತ್ತೆ ಕೈಹಿಡಿದು ವಾಪಸ್ ಕರೆತರುತ್ತಿದ್ದರು.

ಇದರಲ್ಲಿ ಖರ್ಚೇನು ಎಂದು ಕೇಳಬಹುದು. ಅಂಧರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪಾಸ್ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಅವ್ವನಿಗೂ ಟಿಕೆಟ್ ಇಲ್ಲ. ಆದರೆ ಲೆಕ್ಕ ಇರುವುದು ಟಿಕೆಟ್‌ನಲ್ಲಿ ಅಲ್ಲ, ದಿನದಲ್ಲಿ. ಅವ್ವ ಹೊಲಕ್ಕೆ ಕೂಲಿಗೆ ಹೋಗುವವರು. ಹತ್ತಿ ಬಿಡಿಸುವ ಕಾಲಕ್ಕೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋದಂತೆಯೇ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಅಳತೆಯಾಗಿ ಇಟ್ಟುಕೊಂಡರೂ ತಿಂಗಳಿಗೆ ಎಂಟು ದಿನಕ್ಕೆ 2,960 ರೂಪಾಯಿ. ಅಣ್ಣನಿಗೆ ಪಾಠದಿಂದ ಬರುವುದು ಅದಕ್ಕಿಂತ ಬಹಳ ಹೆಚ್ಚೇನೂ ಇಲ್ಲ.

‘ನಾ ದುಡಿಯಾಕ ಹೋದ್ರ ಅವ್ವನ ದುಡಿಮಿ ನಿಂದರತೈತಿ. ಇದ್ಯಾವ ದುಡಿಮಿ ತಮ್ಮಾ? ನೀವು ಓದಿದವರು, ಒಂದು ದಾರಿ ತೋರಸ್ರಿ’ ಎಂದರು ಅಣ್ಣ. ನಾವು ಮೂವರು ಪತ್ರಿಕೋದ್ಯಮ ಓದಿದವರು. ಒಬ್ಬರು ದೇವದುರ್ಗದವರು, ಒಬ್ಬರು ಮಾನ್ವಿಯವರು, ಇನ್ನೊಬ್ಬರು ರಾಯಚೂರಿನಲ್ಲೇ ಬೆಳೆದವರು. ಮೂರೂ ಊರು ನಮ್ಮವೇ. ಹಾಗಾಗಿ ಅಣ್ಣನ ಜೊತೆ ಕೆಲವು ವಾರ ಬಸ್ ಹತ್ತಿ ಇಳಿದು, ಒಂದೊಂದೇ ಆಪ್ ಹಾಕಿ ನೋಡಿದೆವು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರಿದ್ದರೆ ಓದಿ ಹೇಳಿ.

ಮೊದಲೇ ಒಂದು ಮಾತು. ಕಣ್ಣು ಕಾಣದವರ ಪ್ರಯಾಣ ಫೋನ್ ಬಂದಮೇಲೆ ಶುರುವಾದದ್ದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಅವರು ಸುತ್ತದ ಊರಿಲ್ಲ, ಹಾಡದ ಜಾತ್ರೆಯಿಲ್ಲ ಎನ್ನುವಷ್ಟು ತಿರುಗಿದರು. ಅವರ ಶಿಷ್ಯರು ಇಂದಿಗೂ ನಮ್ಮ ಭಾಗದ ಪುರಾಣ, ಭಜನೆ, ನಾಟಕಗಳಿಗೆ ಬರುತ್ತಾರೆ. ಅಣ್ಣ ಕಲಿತದ್ದೂ ಗದಗಿನಲ್ಲೇ. ತಿರುಗಲು ಬರುವುದಿಲ್ಲ ಎಂಬುದು ಅವರ ತೊಂದರೆ ಅಲ್ಲ. ಪ್ರತಿ ಸಲ ಇನ್ನೊಬ್ಬರ ದಿನವನ್ನು ಕೇಳಬೇಕಲ್ಲ, ಅದೇ ತೊಂದರೆ.

ಈಗ ಫೋನಿನ ವಿಷಯ. ನಕ್ಷೆಯ ಆಪ್‌ಗಿಂತ ಮೊದಲು ಬೇಕಾದದ್ದು ಪರದೆಯ ಮೇಲಿರುವುದನ್ನು ಓದಿ ಹೇಳುವ ವ್ಯವಸ್ಥೆ. ಆಂಡ್ರಾಯ್ಡ್ ಫೋನುಗಳಲ್ಲಿ ಇದಕ್ಕೆ ಟಾಕ್‌ಬ್ಯಾಕ್ ಎನ್ನುತ್ತಾರೆ, ಐಫೋನಿನಲ್ಲಿ ವಾಯ್ಸ್‌ಓವರ್. ಹೆಚ್ಚಿನ ಫೋನುಗಳಲ್ಲಿ ಇದು ಮೊದಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಸೆಸಿಬಿಲಿಟಿ ತೆರೆಯಿರಿ. ಫೋನ್ ಕನ್ನಡದಲ್ಲಿದ್ದರೆ ಅಲ್ಲಿ ‘ಪ್ರವೇಶಿಸುವಿಕೆ’ ಎಂದಿರಬಹುದು. ಅದರೊಳಗೆ ಟಾಕ್‌ಬ್ಯಾಕ್ ಆನ್ ಮಾಡಬೇಕು. ಶಾರ್ಟ್‌ಕಟ್ ಕೂಡ ಆನ್ ಮಾಡಿಟ್ಟರೆ, ಮುಂದೆ ಸದ್ದು ಏರಿಸುವ ಇಳಿಸುವ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿದರೆ ಅದು ಆನ್ ಆಗುತ್ತದೆ, ಮತ್ತೆ ಹಾಗೇ ಒತ್ತಿದರೆ ಆಫ್ ಆಗುತ್ತದೆ.

ಟಾಕ್‌ಬ್ಯಾಕ್ ಆನ್ ಆದ ಮೇಲೆ ಫೋನಿನ ನಡೆ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಕಣ್ಣಿದ್ದವರಿಗೆ ಇದು ಫೋನ್ ಕೆಟ್ಟಂತೆ ಕಾಣಬಹುದು, ಕಣ್ಣಿಲ್ಲದವರಿಗೆ ಫೋನ್ ಶುರುವಾಗುವುದೇ ಇಲ್ಲಿಂದ. ಕನ್ನಡದ ದನಿಯೂ ಸಿಗುತ್ತದೆ. ಮನೆಯಲ್ಲಿ ನೆಟ್ ಇದ್ದಾಗಲೇ ಅದನ್ನು ಇಳಿಸಿಟ್ಟುಕೊಳ್ಳಬೇಕು. ಅಣ್ಣನಿಗೆ ಇದು ಕೈವಶವಾಗಲು ಎರಡು ವಾರ ಹಿಡಿಯಿತು. ಈ ಎರಡು ವಾರ ದಾಟದೆ ಯಾವ ಆಪ್ ಹಾಕಿಕೊಟ್ಟರೂ ಉಪಯೋಗವಿಲ್ಲ. ದುಬಾರಿ ಫೋನ್ ಬೇಕಿಲ್ಲ, ಆದರೆ ಬ್ಯಾಟರಿ ಗಟ್ಟಿ ಇರಬೇಕು. ನಕ್ಷೆ ಓಡುತ್ತಿದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ. ಜೇಬಿನಲ್ಲಿ ಒಂದು ಬಟನ್ ಫೋನ್ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಆಪ್. ಹುಡುಕಿದರೆ ಹತ್ತಾರು ಹೆಸರು ಸಿಗುತ್ತವೆ. ಅಂಧರಿಗೆಂದೇ ಮಾಡಿದವೂ ಇವೆ. ಚಿಲಿ ದೇಶದವರು ಮಾಡಿದ ಲಾಜರಿಲ್ಲೊ, ಫಿನ್ಲೆಂಡಿನವರು ಐಫೋನಿಗೆ ಮಾಡಿದ ಬ್ಲೈಂಡ್‌ಸ್ಕ್ವೇರ್ ಅಂಥವು. ಇವು ನಡೆಯುತ್ತಿದ್ದಂತೆ ಸುತ್ತಲಿನ ಅಂಗಡಿ, ಬ್ಯಾಂಕು, ನಿಲ್ದಾಣಗಳ ಹೆಸರು ಹೇಳುತ್ತಾ ಹೋಗುತ್ತವೆ. ಮೈಕ್ರೋಸಾಫ್ಟ್ 2018ರಲ್ಲಿ ಸೌಂಡ್‌ಸ್ಕೇಪ್ ಎಂಬ ಆಪ್ ಐಫೋನಿಗೆ ತಂದಿತ್ತು. ಹೋಗಬೇಕಾದ ಜಾಗ ಎಡಗಡೆ ಇದ್ದರೆ ಎಡ ಕಿವಿಯಲ್ಲಿ, ಬಲಗಡೆ ಇದ್ದರೆ ಬಲ ಕಿವಿಯಲ್ಲಿ ಸದ್ದು ಬರುವ ಹಾಗೆ ಅದನ್ನು ಮಾಡಿದ್ದರು. ಬಹಳ ಜನ ಮೆಚ್ಚಿದ್ದರು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿ, ಯಾರು ಬೇಕಾದರೂ ಮುಂದುವರಿಸಲಿ ಎಂದು ಅದರ ಕೋಡನ್ನು ಬಿಟ್ಟುಕೊಟ್ಟಿತು. ಬೇರೆಯವರು ಅದರ ಮೇಲೆ ಹೊಸ ಆಪ್ ಕಟ್ಟಿದ್ದಾರೆ. ಆಪ್ ಇವತ್ತು ಇರುತ್ತದೆ, ನಾಳೆ ಇರದಿರಬಹುದು. ಒಂದೇ ಆಪ್‌ಗೆ ಜೋತುಬೀಳಬಾರದು ಎಂಬುದನ್ನು ಇದರಿಂದ ಕಲಿಯಬಹುದು.

ಹಾಗಾಗಿ ನಾವು ಹೆಸರು ನೋಡಿ ಆರಿಸಲಿಲ್ಲ. ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ಅದು ಕನ್ನಡದಲ್ಲಿ ದಾರಿ ಹೇಳುತ್ತದೆಯೇ? ನೆಟ್‌ವರ್ಕ್ ಹೋದಾಗ ಏನು ಮಾಡುತ್ತದೆ? ನಮ್ಮೂರುಗಳ ಬಗ್ಗೆ ಅದಕ್ಕೆ ಎಷ್ಟು ಗೊತ್ತಿದೆ? ಕೋಲು ಹಿಡಿಯಲು ಕೈ, ಗಾಡಿ ಕೇಳಲು ಕಿವಿ, ಎರಡನ್ನೂ ಬಿಡುವಾಗಿ ಇಡುತ್ತದೆಯೇ?

ಮೊದಲ ಪ್ರಶ್ನೆಯಲ್ಲೇ ಬಹಳಷ್ಟು ಆಪ್ ನಮ್ಮ ಕೈಬಿಟ್ಟವು. ಇಂಗ್ಲಿಷ್ ಬಲ್ಲವರಿಗೆ ಆಯ್ಕೆ ಹೆಚ್ಚು, ಅಣ್ಣನಂಥವರಿಗೆ ಕಡಿಮೆ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತದೆ. 2019ರಲ್ಲಿ ಗೂಗಲ್ ಅಂಧರಿಗಾಗಿಯೇ ನಡಿಗೆಯ ವಿವರವಾದ ದನಿ ಸೂಚನೆ ಶುರುಮಾಡಿದಾಗ ಅದು ಅಮೆರಿಕದ ಇಂಗ್ಲಿಷ್ ಮತ್ತು ಜಪಾನಿ ಭಾಷೆಯಲ್ಲಿ ಮಾತ್ರ ಇತ್ತು. ಹೊಸದೇನೇ ಬಂದರೂ ನಮ್ಮ ಭಾಷೆಗೆ ತಡವಾಗಿಯೇ ತಲುಪುತ್ತದೆ. ಅಂಧರಿಗೆಂದೇ ಮಾಡಿದ್ದು ಎಂಬ ಹೆಸರಿಗಿಂತ, ಅಣ್ಣನಿಗೆ ತಿಳಿಯುವ ಭಾಷೆ ದೊಡ್ಡದು ಎಂದು ನಾವು ಸಾದಾ ನಕ್ಷೆಯನ್ನೇ ಹಿಡಿದೆವು.

ಎರಡನೇ ಪ್ರಶ್ನೆ ನೆಟ್‌ವರ್ಕ್. ದೇವದುರ್ಗದಿಂದ ಗಬ್ಬೂರಿನ ಮೇಲೆ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕೂತರೆ ನಡುವೆ ಹೊಲ, ಬಯಲು. ನೆಟ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಾವು ಎಲ್ಲಿದ್ದೇವೆ ಎಂಬುದನ್ನು ಫೋನ್ ಕಂಡುಕೊಳ್ಳುವುದು ಉಪಗ್ರಹದ ಸಂಕೇತದಿಂದ. ಅದಕ್ಕೆ ನೆಟ್ ಬೇಕಿಲ್ಲ. ನೆಟ್ ಬೇಕಾದದ್ದು ನಕ್ಷೆಯ ಚಿತ್ರಕ್ಕೆ, ಹೆಸರುಗಳಿಗೆ. ಮನೆಯಲ್ಲಿದ್ದಾಗಲೇ ಜಿಲ್ಲೆಯ ನಕ್ಷೆಯನ್ನು ಆಫ್‌ಲೈನ್ ಎಂದು ಇಳಿಸಿಟ್ಟುಕೊಂಡರೆ ಬಸ್ಸಿನಲ್ಲಿ ಗಬ್ಬೂರು ಬಂತೋ ದಾಟಿತೋ ತಿಳಿಯುತ್ತದೆ. ಗೂಗಲ್ ಮ್ಯಾಪ್ಸಿನಲ್ಲಿ ನೆಟ್ ಇಲ್ಲದಾಗ ಗಾಡಿಯ ದಾರಿ ಸಿಗುತ್ತದೆ, ನಡಿಗೆಯ ದಾರಿ ಸಿಗುವುದಿಲ್ಲ. ಇದನ್ನು ನೆನಪಿಡಬೇಕು.

ಬಸ್ಸಿನೊಳಗೆ ಫೋನ್ ಬಹಳ ಒಳ್ಳೆಯ ಜೊತೆಗಾರ. ಮೊದಲೆಲ್ಲ ಅಣ್ಣ ಕಂಡಕ್ಟರ್ ಸಾಹೇಬರಿಗೆ ಮೂರು ಸಲ ಹೇಳಿಡುತ್ತಿದ್ದರು. ಗದ್ದಲದಲ್ಲಿ ಅವರು ಮರೆತರೆ ಎಂಬ ಅಂಜಿಕೆ ಕೊನೆಯವರೆಗೂ. ಈಗ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಊರು ಹತ್ತಿರ ಬಂದಾಗ ತಾವೇ ಎದ್ದು ಬಾಗಿಲ ಕಡೆ ಬರುತ್ತಾರೆ. ಒಂದೇ ಕಿವಿಗೆ ಎಂಬುದನ್ನು ಒತ್ತಿ ಹೇಳುತ್ತೇವೆ. ಇನ್ನೊಂದು ಕಿವಿ ಲೋಕಕ್ಕೆ ಬೇಕು.

ಬಸ್ ಇಳಿದ ಮೇಲಿನ ಕತೆ ಬೇರೆ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದರೆ ಎಂಜಿನ್ ಸದ್ದು, ಹಾರ್ನು, ಆಟೋದವರ ಕೂಗು ಎಲ್ಲ ಒಟ್ಟಿಗೆ. ಫೋನಿನ ದನಿ ಅದರಲ್ಲಿ ಮುಳುಗುತ್ತದೆ. ತೀನ್ ಕಂದೀಲಿನ ಕಡೆ ಹೋದರೆ ಗಿರಾಕಿಗಳು, ಕೈಗಾಡಿಗಳು, ಸಾಲಾಗಿ ನಿಲ್ಲಿಸಿದ ಬೈಕುಗಳು. ಫೋನಿನ ಅಂದಾಜು ತೆರೆದ ಬಯಲಿನಲ್ಲಿಯೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. 5 ಮೀಟರ್ ಎಂದರೆ ನಮ್ಮ ಎಷ್ಟೋ ರಸ್ತೆಗಳ ಪೂರ್ತಿ ಅಗಲ. ಅಂದರೆ ನೀವು ರಸ್ತೆಯ ಈ ಕಡೆ ಇದ್ದೀರೋ ಆ ಕಡೆ ಇದ್ದೀರೋ ಫೋನಿಗೆ ಗೊತ್ತಿಲ್ಲ. ಕಣ್ಣಿದ್ದವರಿಗೆ ಅದು ದೊಡ್ಡ ಮಾತಲ್ಲ, ತಲೆಯೆತ್ತಿ ನೋಡಿದರೆ ಮುಗಿಯಿತು. ಅಣ್ಣನಿಗೆ ಆ 5 ಮೀಟರಿನಲ್ಲೇ ಚರಂಡಿ ಇದೆ, ಲಾರಿ ಇದೆ.

ಆ 5 ಮೀಟರಿಗೆ ಬೇಕಾದದ್ದು ಬಿಳಿ ಕೋಲು. ಫೋನ್ ಬಂತೆಂದು ಕೋಲು ಬಿಡಬಾರದು. ಕೋಲು ನೆಲವನ್ನು ಹೇಳುತ್ತದೆ, ಆದರೆ ಮೊಣಕಾಲಿನ ಮೇಲಿರುವುದನ್ನು ಹೇಳುವುದಿಲ್ಲ. ಬೈಕಿನ ಹ್ಯಾಂಡಲ್, ಅಂಗಡಿಯ ತಗಡಿನ ಅಂಚು, ಬಗ್ಗಿದ ಟೊಂಗೆ ನೇರ ಮೈಗೆ ತಾಗುತ್ತವೆ. ಅದಕ್ಕಾಗಿ ದಿಲ್ಲಿಯ ಐಐಟಿಯವರು ಸ್ಮಾರ್ಟ್‌ಕೇನ್ ಎಂಬ ಸಾಧನ ಮಾಡಿ 2014ರಲ್ಲಿ ಹೊರತಂದರು. ಕೋಲಿನ ಹಿಡಿಗೆ ಕೂಡಿಸುವ ಅದು ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ಶಬ್ದದ ಅಲೆಯಿಂದ ಗುರುತಿಸಿ ಕೈಯಲ್ಲಿ ನಡುಗುತ್ತದೆ. ಕಿವಿಗೆ ತೊಂದರೆ ಕೊಡುವುದಿಲ್ಲ.

ಬಸ್ ಹತ್ತುವುದು ಇನ್ನೊಂದು ಗಂಟು. ಬಸ್ ಬಂತು ಎಂಬುದು ಸದ್ದಿನಿಂದ ತಿಳಿಯುತ್ತದೆ, ಯಾವ ಊರಿನ ಬಸ್ ಎಂಬುದು ಬೋರ್ಡಿನಲ್ಲಿದೆ. ಇದಕ್ಕೂ ದಿಲ್ಲಿ ಐಐಟಿಯವರು ಆನ್‌ಬೋರ್ಡ್ ಎಂಬ ಸಾಧನ ಮಾಡಿದ್ದಾರೆ. ಮೈಸೂರಿನ ನಗರ ಸಾರಿಗೆ ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಎಂಬ ಹೆಸರಿನಲ್ಲಿ ಅದನ್ನು ಅಳವಡಿಸಿದ್ದಾರೆ. ಪ್ರಯಾಣಿಕರು ಕೈಯಲ್ಲಿರುವ ಗುಂಡಿ ಒತ್ತಿದರೆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್ ಮಾರ್ಗ ಯಾವುದು ಎಂದು ಕೂಗಿ ಹೇಳುತ್ತದೆ. ಆ ದನಿಯ ಕಡೆ ನಡೆದರೆ ಬಾಗಿಲೂ ಸಿಗುತ್ತದೆ. ಮೈಸೂರಿನಲ್ಲಿ ಆದದ್ದು ನಮ್ಮ ಕಲ್ಯಾಣ ಕರ್ನಾಟಕದ ಬಸ್ಸುಗಳಲ್ಲೂ ಆಗಲಿ ಎಂದು ಕೇಳುವುದು ಭಿಕ್ಷೆ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಸಾರಿಗೆ ಎಲ್ಲರಿಗೂ ನಿಲುಕಬೇಕು ಎಂದು 41ನೇ ಕಲಮು ಹೇಳುತ್ತದೆ, ಮಾಹಿತಿ ನಿಲುಕಬೇಕು ಎಂದು 42ನೇ ಕಲಮು ಹೇಳುತ್ತದೆ.

ಫೋನಿನ ಕ್ಯಾಮೆರಾ ಹಿಡಿದು ಬೋರ್ಡ್ ಓದಿಸುವ ಆಪ್‌ಗಳೂ ಇವೆ. ಬಿ ಮೈ ಐಸ್ ಎಂಬುದರಲ್ಲಿ ಎಲ್ಲೋ ಕೂತ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನಮ್ಮ ಪರವಾಗಿ ನೋಡಿ ಹೇಳುತ್ತಾರೆ. 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದದ್ದು. ಔಷಧಿ ಡಬ್ಬಿ, ಅಂಗಡಿ ಬೋರ್ಡು, ಚೀಟಿ ಓದಿಸಲು ಚೆನ್ನ. ನೆಟ್ ಗಟ್ಟಿ ಇರಬೇಕು ಅಷ್ಟೇ. ಆದರೆ ರಸ್ತೆ ದಾಟುವಾಗ ಯಾವ ಆಪ್ ಮಾತನ್ನೂ ನಂಬಬಾರದು. ದಾಟುವಾಗ ಪಕ್ಕದಲ್ಲಿ ನಿಂತ ಮನುಷ್ಯರೇ ಬೇಕು. ಅಣ್ಣ ಇಂದಿಗೂ ಕೇಳಿಯೇ ದಾಟುತ್ತಾರೆ.

ಮೂರನೇ ಪ್ರಶ್ನೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಭಾನುವಾರ ಅಣ್ಣ ಸಿರವಾರದ ಮೇಲೆ ಮಾನ್ವಿಗೆ ಹೋಗುತ್ತಾರೆ. ಪಾಠ ಇರುವ ಮನೆ ಒಂದು ಓಣಿಯೊಳಗೆ. ನಾವು ನೋಡಿದ ಯಾವ ನಕ್ಷೆಯಲ್ಲೂ ಆ ಓಣಿಗೆ ಹೆಸರಿರಲಿಲ್ಲ. ಅಣ್ಣನ ಊರಿನ ಬಸ್ ನಿಲ್ಲುವ ಜಾಗವೂ ಇರಲಿಲ್ಲ. ಆಪ್ ಎಷ್ಟೇ ಜಾಣ ಇರಲಿ, ನಕ್ಷೆಯಲ್ಲಿ ಇಲ್ಲದ್ದನ್ನು ಅದು ಹೇಗೆ ಹೇಳೀತು?

ಅದಕ್ಕೆ ಎರಡು ಕೆಲಸ ಮಾಡಿದೆವು. ಒಂದು, ಊರಿನ ಬಸ್ ಸ್ಟಾಪು, ಅಗಸಿ, ಶಾಲೆ, ಗುಡಿ, ಮಸೀದಿ, ನ್ಯಾಯಬೆಲೆ ಅಂಗಡಿ ಇಷ್ಟನ್ನೂ ನಕ್ಷೆಗೆ ಸೇರಿಸಿದೆವು. ಗೂಗಲ್ ಮ್ಯಾಪ್ಸಿನಲ್ಲಿ ಯಾರು ಬೇಕಾದರೂ ಜಾಗ ಸೇರಿಸಲು ಕೋರಬಹುದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತೂ ಜನರೇ ಕೂಡಿ ಕಟ್ಟುತ್ತಿರುವ ನಕ್ಷೆ. ಅಂಧರಿಗಾಗಿ ಮಾಡಿದ ಹಲವು ಆಪ್‌ಗಳು ಅದರಿಂದಲೇ ಹೆಸರು ತೆಗೆದುಕೊಳ್ಳುತ್ತವೆ. ಒಂದು ಹಳ್ಳಿಯ ಮುಖ್ಯ ಜಾಗಗಳನ್ನು ಸೇರಿಸಲು ನಮಗೆ ಬೇಕಾದದ್ದು ಒಂದು ಮಧ್ಯಾಹ್ನ. ಸೇರಿಸುವಾಗ ಊರಿನವರು ಕರೆಯುವ ಹೆಸರನ್ನೇ ಕನ್ನಡದಲ್ಲಿ ಬರೆಯಬೇಕು. ದಾರಿ ಕೇಳಿದಾಗ ಜನ ಹೇಳುವುದು ಆ ಹೆಸರನ್ನೇ.

ಇನ್ನೊಂದು, ಮಾತಿನ ನಕ್ಷೆ. ಮಾನ್ವಿಯ ನಿಲ್ದಾಣದಿಂದ ಪಾಠದ ಮನೆಯವರೆಗೆ ಅಣ್ಣನ ಜೊತೆ ನಾಲ್ಕು ಸಲ ನಡೆದೆವು. ನಡೆಯುತ್ತಾ ಅಣ್ಣನೇ ತಮ್ಮ ಮಾತಿನಲ್ಲಿ ವಾಟ್ಸಾಪಿನಲ್ಲಿ ದನಿ ಮುದ್ರಿಸಿಕೊಂಡರು. ಮಾತು ಅವರದೇ ಇರಬೇಕು. ಕಣ್ಣಿದ್ದವರು ಹೇಳಿದರೆ ‘ನೀಲಿ ಬೋರ್ಡಿನ ಹತ್ತಿರ ತಿರುಗು’ ಎಂದೇ ಬರುತ್ತದೆ. ಅಣ್ಣ ಮುದ್ರಿಸಿದ್ದು ಹೀಗಿತ್ತು: ಗೇಟು ದಾಟಿ ಎಡಕ್ಕೆ. ಬಲಗೈ ಕಡೆ ಬಜ್ಜಿ ಎಣ್ಣೆಯ ವಾಸನೆ. ಕಾಂಕ್ರೀಟು ಮುಗಿದು ಕಾಲಿಗೆ ಮಣ್ಣು ಬಂದರೆ ಓಣಿ ಶುರು. ಚರಂಡಿ ಮೇಲಿನ ಕಲ್ಲು ಚಪ್ಪಡಿ ಅಲ್ಲಾಡುತ್ತದೆ, ಹುಷಾರು. ಮುಖಕ್ಕೆ ತಂಪು ಬಡಿದರೆ ಬೇವಿನ ಮರ. ಅಲ್ಲಿಂದ 32 ಹೆಜ್ಜೆ.

ದಾರಿಯಲ್ಲಿ ಒಂದು ಹಿಟ್ಟಿನ ಗಿರಣಿಯೂ ಇತ್ತು, ಅದರ ಸಪ್ಪಳ ದೂರದಿಂದಲೇ ಕೇಳುತ್ತದೆ. ಅಣ್ಣ ಅದನ್ನು ಗುರುತಾಗಿ ಇಟ್ಟುಕೊಳ್ಳಲಿಲ್ಲ. ‘ಕರೆಂಟ್ ಹೋದ ದಿನ ಗಿರಣಿ ಇರಂಗಿಲ್ಲ ತಮ್ಮಾ. ಬೇವಿನ ಮರ ಎಲ್ಲಿ ಹೋಗತೈತಿ?’ ಎಂದರು. ಯಾವ ಗುರುತು ನಂಬಬೇಕು, ಯಾವುದನ್ನು ನಂಬಬಾರದು ಎಂಬ ಈ ಲೆಕ್ಕ ಯಾವ ಆಪ್‌ನಲ್ಲೂ ನಮಗೆ ಸಿಗಲಿಲ್ಲ. ಹಾಗೆ ನೋಡಿದರೆ ಈ ಎಲ್ಲ ಸಾಧನಗಳಲ್ಲಿ ಕೊನೆಯ ಅರ್ಧ ಕಿಲೋಮೀಟರಿಗೆ ಹೆಚ್ಚು ಕೆಲಸಕ್ಕೆ ಬಂದದ್ದು ಈ ನಾಲ್ಕು ನಿಮಿಷದ ದನಿ.

ಮನೆಯವರ ಅಂಜಿಕೆಗೂ ಒಂದು ದಾರಿ ಬೇಕಿತ್ತು. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಇದೆ. 15 ನಿಮಿಷ, ಒಂದು ತಾಸು, 8 ತಾಸು ಎಂದು ಆರಿಸಬಹುದು. ಅಣ್ಣ ಹೊರಡುವಾಗ 8 ತಾಸಿನದು ತಂಗಿಗೆ ಕಳಿಸುತ್ತಾರೆ. ತಂಗಿ ನೋಡಿ ಅವ್ವನಿಗೆ ಹೇಳುತ್ತಾರೆ. ಇದನ್ನು ಯಾರಿಗೆ ಕಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅಣ್ಣನ ಕೈಯಲ್ಲೇ ಇರಬೇಕು. ಅವರು ದೊಡ್ಡವರು, ಕಾವಲಿಗೆ ಇಟ್ಟ ಮಗುವಲ್ಲ.

ಈಗಿನ ಸ್ಥಿತಿ ಇದು. ಭಾನುವಾರ ಮಾನ್ವಿಗೆ ಅಣ್ಣ ಒಬ್ಬರೇ ಹೋಗಿಬರುತ್ತಾರೆ. ಗುರುವಾರ ರಾಯಚೂರಿನವರೆಗೆ ಒಬ್ಬರೇ ಬರುತ್ತಾರೆ, ನಿಲ್ದಾಣದಿಂದ ಮುಂದೆ ಪಾಠದ ಮನೆಯವರು ಬಂದು ಕರೆದುಕೊಳ್ಳುತ್ತಾರೆ. ಪೇಟೆಯ ಗದ್ದಲದಲ್ಲಿ ಒಬ್ಬರೇ ನಡೆಯುವುದು ಸದ್ಯಕ್ಕೆ ಬೇಡ ಎಂದು ಅಣ್ಣನೇ ತೀರ್ಮಾನಿಸಿದ್ದಾರೆ. ಆದರೂ ಅವ್ವನಿಗೆ ತಿಂಗಳಿಗೆ ಎಂಟು ದಿನ ಮರಳಿ ಸಿಕ್ಕಿವೆ. ಮೊದಲ ಭಾನುವಾರ ಅವರು ಹೊಲಕ್ಕೆ ಹೋದರೂ ನಡುನಡುವೆ ಮಗಳಿಗೆ ಫೋನ್ ಹಚ್ಚಿಸಿ ಕೇಳುತ್ತಿದ್ದರಂತೆ. ಈಗ ಸಂಜೆ ಒಂದು ಸಲ ಕೇಳುತ್ತಾರೆ.

ಕಣ್ಣಿದ್ದ ನಮ್ಮಂಥವರಿಗೆ ಉಳಿಯುವ ಕೆಲಸವೇನು? ನಮ್ಮ ಭಾಗದ ಜನ ದಾರಿ ಕೇಳಿದರೆ ಹೇಳದೆ ಇರುವವರಲ್ಲ. ಕೆಲಸ ಬಿಟ್ಟು ಎದ್ದು ಬಂದು ಹೇಳುತ್ತಾರೆ. ಆದರೆ ಹೇಳುವುದು ಹೀಗೆ: ‘ಇಲ್ಲೇ ಐತಿ ನೋಡ್ರಿ’, ‘ಆ ಕಡಿ ಹೋಗ್ರಿ’, ‘ಅಲ್ಲಿ ಕಾಣಸ್ತದಲ್ರಿ’. ಕೈಯೂ ಜೊತೆಗೆ ಆಡುತ್ತದೆ. ಕಣ್ಣು ಕಾಣದವರಿಗೆ ‘ಇಲ್ಲೇ’ ಎಂದರೆ ಎಲ್ಲಿಯೂ ಅಲ್ಲ. ಅದರ ಬದಲು ಅವರ ಎಡ ಬಲ ಹಿಡಿದು ಹೇಳಿ. ‘ನಿಮ್ಮ ಎಡಕ್ಕ ತಿರುಗ್ರಿ, ಇಪ್ಪತ್ತು ಹೆಜ್ಜೆ ಆದಮ್ಯಾಗ ಎರಡು ಮೆಟ್ಟಲಾ ಅದಾವ್ರಿ’ ಎಂದರೆ ಅದು ದಾರಿ.

ಇನ್ನೂ ಒಂದೆರಡು ಮಾತು. ಕೇಳದೆ ಅವರ ಕೋಲನ್ನು ಹಿಡಿದು ಎಳೆಯಬೇಡಿ, ಅದು ಅವರ ಕಣ್ಣು. ಸಹಾಯ ಬೇಕೇ ಎಂದು ಮೊದಲು ಕೇಳಿ, ಬೇಕೆಂದರೆ ನಿಮ್ಮ ಮೊಣಕೈ ಕೊಡಿ. ಅವರು ನಿಮ್ಮನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಬಸ್ ಬಂದಾಗ ಬೋರ್ಡನ್ನು ಪೂರ್ತಿ ಓದಿ ಹೇಳಿ, ಯಾವ ಊರಿನ ಮೇಲೆ ಹೋಗುತ್ತದೆ ಎಂಬುದೂ ಸೇರಿ. ಬಿಟ್ಟು ಹೋಗುವಾಗ ‘ನಾ ಹೊಂಟೆ ರೀ’ ಎಂದು ಹೇಳಿ ಹೋಗಿ. ಇಲ್ಲದಿದ್ದರೆ ಅವರು ಖಾಲಿ ಗಾಳಿಯ ಜೊತೆ ಮಾತಾಡುತ್ತಾ ನಿಲ್ಲಬೇಕಾಗುತ್ತದೆ.

ಯಾವ ಆಪ್ ಒಳ್ಳೆಯದು ಎಂದರೆ ನಮ್ಮ ಉತ್ತರ ಇಷ್ಟು. ಊರಿಂದ ಊರಿಗೆ ಕನ್ನಡದಲ್ಲಿ ಮಾತಾಡುವ ಸಾದಾ ನಕ್ಷೆ ಸಾಕು. ಕೊನೆಯ ಅರ್ಧ ಕಿಲೋಮೀಟರಿಗೆ ಅವರದೇ ದನಿಯ ನಕ್ಷೆ ಬೇಕು. ಕೊನೆಯ 5 ಮೀಟರಿಗೆ ಬಿಳಿ ಕೋಲು ಮತ್ತು ಸರಿಯಾಗಿ ಹೇಳುವ ಒಬ್ಬ ಮನುಷ್ಯ ಬೇಕು. ಇದನ್ನು ಓದಿದ ಮೇಲೆ ನಿಮ್ಮ ಫೋನಿನಲ್ಲಿ ನಕ್ಷೆ ತೆರೆದು, ನಿಮ್ಮೂರಿನ ಬಸ್ ನಿಲ್ಲುವ ಜಾಗ ಅದರಲ್ಲಿ ಇದೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ಇವತ್ತೇ ಸೇರಿಸಿ.